ಒಂದೇ ಡೋರ್ ನಂಬರಿನ ಮೂರು ಹೆಂಗಸರು

ಗೆದ್ದಲಹಳ್ಳಿಯ ಬ್ಯಾಟರಾಯಪ್ಪನವರ ವಠಾರಕ್ಕೆ ಆರು ಮನೆ, ಒಂದು ಸಂಪು, ಒಂದೇ ಡೋರ್ ನಂಬರು. ಕಾಗದ ಬಂದರೂ ಗ್ಯಾಸ್ ಬಂದರೂ ಗೇಟಿನ ಹತ್ತಿರ ನಿಂತು ಹೆಸರು ಹಿಡಿದು ಕೂಗಬೇಕು. ಎರಡನೇ ಮನೆಯ ವನಿತಾಳನ್ನು ಮಾತ್ರ ಯಾರೂ ಎರಡು ಸಲ ಕೂಗಬೇಕಾಗಿರಲಿಲ್ಲ. ಮೊದಲ ಕೂಗಿಗೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಬಂದವಳ ಹಾಗೆ ಬಂದು ನಿಲ್ಲುತ್ತಿದ್ದಳು. ಹಾಗಂತ ಜಗಳಗಂಟಿಯಲ್ಲ. ಹಿಡಿದದ್ದನ್ನು ಬಿಡುವವಳಲ್ಲ, ಅಷ್ಟೆ. ಒಂದು ಸಲ ಗ್ಯಾಸಿನವನು ಸಿಲಿಂಡರು ತೂಕ ಮಾಡಿ ತೋರಿಸಲ್ಲ ಅಂದ. ಅವನ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತವಳು, ಅವನು ತಕ್ಕಡಿ ತರಿಸುವ ತನಕ ಏಳಲಿಲ್ಲ. ತೂಕ ಸರಿಯಾಗಿಯೇ ಇತ್ತು. "ಇದನ್ನ ಮೊದ್ಲೇ ತೋರ್ಸಿದ್ರೆ ನಿಮ್ಗೂ ಟೈಮ್ ಉಳೀತಿತ್ತು, ನಂಗೂ ಮಂಡಿ ನೋಯ್ತಿರ್ಲಿಲ್ಲ" ಅಂದು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಸೀರೆಗೆ ಕುಚ್ಚು ಕಟ್ಟುವುದು ಅವಳ ಕಸುಬು. ಸಂಜಯನಗರದ ಮೇನ್ ರೋಡಿನ ಸೀರೆ ಅಂಗಡಿಗಳಿಂದ ಮದುವೆ ಸೀರೆಗಳು ಬರುತ್ತಿದ್ದವು. ಎರಡು ಸಾವಿರದ ಹದಿನಾರರ ಕೊನೆಯಲ್ಲಿ ಹಳೇ ನೋಟು ನಿಂತವು ನೋಡಿ, ಸೀರೆ ಕೊಳ್ಳುವವರೂ ನಿಂತರು. ಉಟ್ಟರೆ ಸಾಕು, ಕುಚ್ಚು ಯಾಕೆ ಅನ್ನುವ ಕಾಲ ಬಂತು. ಗಂಡ ಸುಬ್ರಮಣಿ ಯಶವಂತಪುರದ ಮಂಡಿಯಿಂದ ಈರುಳ್ಳಿ ಮೂಟೆ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ. ಅವನಿಗೂ ಟ್ರಿಪ್ಪು ಕಮ್ಮಿಯಾಯಿತು. ಸೂಜಿ ದಾರ ಡಬ್ಬಿಯಲ್ಲೇ ಉಳಿದವು. ವನಿತಾ ಕೈ ಕಟ್ಟಿ ಕೂರುವ ಹೆಂಗಸಲ್ಲ. ಕೂತರೆ ಅವಳಿಗೆ ಮೈಯೆಲ್ಲ ನೋಯುತ್ತಿತ್ತು.

ಪುಕ್ಕಟೆ ಇಂಟರ್ನೆಟ್ಟಿನ ಸಿಮ್ಮು ಕೈಗೆ ಬಂದಿದ್ದ ವರ್ಷ ಅದು. ಹೊಸ ಕುಚ್ಚಿನ ಡಿಸೈನು ನೋಡುತ್ತಿದ್ದಾಗ ಫೋನಿನಲ್ಲಿ ಒಂದು ಜಾಹೀರಾತು ಬಂತು. ಮನೆಯಲ್ಲೇ ಕೂತು ಪ್ರಶ್ನೆಗೆ ಉತ್ತರ ಹೇಳಿ, ಪಾಯಿಂಟು ಗಳಿಸಿ, ಪಾಯಿಂಟು ಸೇರಿದರೆ ಗಿಫ್ಟ್ ವೋಚರು. ಕನ್ನಡದಲ್ಲೂ ಇದೆ ಅಂತ ಬರೆದಿತ್ತು. ಯಾವ ಪುಣ್ಯಾತ್ಮ ಮಾಡಿದ ಕನ್ನಡವೋ, 'ಕಳೆದ ಮೂರು ತಿಂಗಳಲ್ಲಿ ನೀವು ಯಾವ ಶಾಂಪೂವನ್ನು ಸೇವಿಸಿದ್ದೀರಿ' ಅಂತ ಕೇಳುತ್ತಿತ್ತು. ಸೇವಿಸಿದ್ದರೆ ಉತ್ತರ ಹೇಳಲು ಬದುಕಿರುತ್ತಿದ್ದಳೇ? ಆದರೂ ವನಿತಾ ಸೇರಿಕೊಂಡಳು.

ಮೊದಮೊದಲು ಎಲ್ಲಾ ಕಡೆಯೂ ಹೊರಗೆ ಹಾಕಿದರು. ನಿಮ್ಮ ಮನೆಯಲ್ಲಿ ಎಷ್ಟು ಕಾರುಗಳಿವೆ? ಇಲ್ಲ. ಹೋದ ವರ್ಷ ಎಷ್ಟು ಸಲ ವಿಮಾನ ಹತ್ತಿದಿರಿ? ದಿನಾ ತಲೆ ಮೇಲೆ ಹಾರುತ್ತವೆ, ಹತ್ತಿಲ್ಲ. ಹೀಗೆ ಮನೆ ಮಠ, ಹಾಸಿಗೆ ದಿಂಬು ಎಲ್ಲವನ್ನೂ ವಿಚಾರಿಸಿಕೊಂಡು ಕಡೆಗೆ 'ಈ ಸರ್ವೆಗೆ ನೀವು ಅರ್ಹರಲ್ಲ, ಧನ್ಯವಾದಗಳು' ಅನ್ನುವುದು. ಹೆಣ್ಣು ನೋಡಲು ಬಂದು, ತಟ್ಟೆಯ ತಿಂಡಿಯನ್ನೆಲ್ಲ ತಿಂದು, ಬಣ್ಣ ಕಮ್ಮಿ ಅಂದು ಹೋಗುವ ಜನರ ಹಾಗೆ.

"ಕಾರೈತೆ ಅಂತ ಒತ್ತೇ ಅತ್ಲಾಗಿ. ಯಾರ್ ಬಂದು ನೋಡ್ತಾರೆ?" ಅಂದ ಸುಬ್ರಮಣಿ, ಊಟಕ್ಕೆ ಕೂತವನು.

"ಬಂದು ನೋಡ್ದೇ ಇದ್ರೆ ಆಟೋ ಕಾರಾಗ್ಬಿಡುತ್ತಾ? ಸುಮ್ನೆ ಉಣ್ರೀ."

"ಹಂಗಾದ್ರೆ ಆ ಫೋನ್ ಉಜ್ಜಿ ಉಜ್ಜಿ ಬೆರಳು ಸವಿಸ್ಕೊ. ನಮ್ ಅಭಿಪ್ರಾಯ ನಮ್ಮನೇಲೇ ಯಾರೂ ಕೇಳಲ್ಲ, ಕಂಪನಿಯೋರು ಕಾಸು ಕೊಟ್ಟು ಕೇಳ್ತಾರಂತೆ!"

ಅವನ ಮಾತು ಅವಳಿಗೆ ಚುಚ್ಚಿತು. ಚುಚ್ಚಿದರೆ ವನಿತಾ ಬಿಡುತ್ತಾಳೆಯೇ? ಸೋಪು, ಅಡುಗೆ ಎಣ್ಣೆ, ಬಿಸ್ಕತ್ತು, ಧಾರಾವಾಹಿ, ಇವುಗಳ ಸರ್ವೆ ಬಂದರೆ ತನ್ನಂಥವರು ನಡೆಯುತ್ತಾರೆ, ಅವು ಬರುವುದು ಗಂಡಸರು ಕೆಲಸಕ್ಕೆ ಹೋದ ಮೇಲೆ, ತಡ ಮಾಡಿದರೆ ಬೇರೆಯವರು ತುಂಬಿಬಿಡುತ್ತಾರೆ, ಇದೆಲ್ಲ ಕಲಿತಳು. ಕಡೆಗೊಂದು ದಿನ ಅವಳ ಫೋನಿಗೆ ವೋಚರು ಬಂದೇಬಿಟ್ಟಿತು. ಸೂಪರ್ ಮಾರ್ಕೆಟ್ಟಿಗೆ ಹೋಗಿ ಎಣ್ಣೆ, ತೊಗರಿಬೇಳೆ ಚೀಲ ತುಂಬಿಸಿಕೊಂಡು, ಹಿಂದಿನ ಗಲ್ಲಿಯಿಂದ ಬರಬಹುದಾಗಿದ್ದವಳು ಬೇಕೆಂದೇ ವಠಾರದ ಮುಂದಿನ ಗೇಟಿನಿಂದ ನಡೆದುಬಂದಳು.

ನೋಡಬೇಕಾದವರು ನೋಡಿದರು. ಮೂರನೇ ಮನೆಯ ತಾಹೆರಾ, ಐದನೇ ಮನೆಯ ಮುನಿಕೆಂಪಮ್ಮ.

ತಾಹೆರಾ ಅಗರಬತ್ತಿ ಹೊಸೆಯುವವಳು. ಮಣೆಯ ಮುಂದೆ ಕೂತರೆ ಅಂಗೈಯೆಲ್ಲ ಕಪ್ಪು, ಪುಡಿ ಗಂಟಲಿಗಿಳಿದು ಸದಾ ಕೆಮ್ಮು. ಕಡ್ಡಿ, ಮಸಾಲೆ ತಂದುಕೊಟ್ಟು ಹೊಸೆದದ್ದನ್ನು ಎತ್ತಿಕೊಂಡು ಹೋಗುತ್ತಿದ್ದ ಖಾದರ್ ಬಾಷಾ ಆಗಾಗ ಕಟ್ಟು ಸರಿಯಿಲ್ಲ ಅಂತ ಮುಖ ಸಿಂಡರಿಸುತ್ತಿದ್ದ. ಮುನಿಕೆಂಪಮ್ಮ ಅದೇ ಊರಿನವರು, ವಯಸ್ಸಾದವರು. ಅವರ ಗಂಡ ಇದ್ದ ಕಾಲಕ್ಕೆ ಈ ವಠಾರದ ಜಾಗದಲ್ಲಿ ದ್ರಾಕ್ಷಿ ಚಪ್ಪರ ಇತ್ತಂತೆ. ಈಗ ಅವರು ಬೆಳಿಗ್ಗೆ ಸೊಪ್ಪು ಮಾರಿ ಬಂದರೆ ಮಧ್ಯಾಹ್ನವೆಲ್ಲ ಖಾಲಿ. ಓದು ಬರುವುದಿಲ್ಲ. ಫೋನು ಮಗ ಕೊಡಿಸಿದ್ದು.

"ತಾಹೆರಾ, ಆ ಮಣೆ ಎತ್ತಿಡು ಸಾಕು. ಕೆಮ್ಮಿ ಕೆಮ್ಮಿ ಸಾಯ್ತೀಯಾ. ಇಲ್ಲಿ ಕೂತು ಬಾಯಲ್ ಹೇಳು, ಬೆರಳಲ್ ಒತ್ತು, ಅಷ್ಟೇ ಕೆಲ್ಸ" ಅಂದಳು ವನಿತಾ.

"ಖಾದರ್ ಭಾಯ್ ಕೆಲ್ಸ ಒಂದ್ಸಲ ಬಿಟ್ರೆ ಮತ್ತೆ ಕೊಡಲ್ಲ ವನಿತಕ್ಕ. ಇದು ಮೋಸ ಆಗ್ಬಿಟ್ರೆ?"

"ಮೋಸ ಆದ್ರೆ ನಾನಿದೀನಲ್ಲ. ನಾನ್ ಜವಾಬ್ದಾರಿ."

ಆ ಮಾತಿನ ಮೇಲೆ ತಾಹೆರಾ ಮಣೆ ತೊಳೆದು ಅಟ್ಟಕ್ಕೆ ಹಾಕಿದಳು. ಅವಳ ಕೆಲಸ ಗಂಗಾನಗರದ ಇನ್ನೊಬ್ಬಳ ಪಾಲಾಯಿತು.

ಮೂವರೂ ಸಂಪಿನ ಪಕ್ಕದ ಜಗಲಿಯ ಮೇಲೆ ಮಧ್ಯಾಹ್ನ ಸೇರುತ್ತಿದ್ದರು. ಪುಕ್ಕಟೆ ಇಂಟರ್ನೆಟ್ಟು ಇದ್ದದ್ದು ವನಿತಾಳ ಫೋನಿನಲ್ಲಿ ಮಾತ್ರ. ಸಂಪಿನ ನೀರು ಹಂಚಿಕೊಂಡ ಹಾಗೆ ಅದನ್ನೇ ಮೂರು ಫೋನಿಗೂ ಹಂಚುತ್ತಿದ್ದಳು. ಪ್ರಶ್ನೆಗಳನ್ನು ಜೋರಾಗಿ ಓದುವವಳೂ ಅವಳೇ. ಮುನಿಕೆಂಪಮ್ಮನ ಫೋನಿನಲ್ಲಿ ಉತ್ತರ ಒತ್ತುವವಳೂ ಅವಳೇ.

"ಈ ಬಿಸ್ಕತ್ತಿನ ರುಚಿ ಹೇಗಿದೆ? ಬಹಳ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ."

"ಬೋ ಚೆನ್ನಾಗೈತೆ ಅಂತ ಆಕು" ಅಂದರು ಮುನಿಕೆಂಪಮ್ಮ.

"ನಂಗೆ ಅದು ಆಗಲ್ಲ ಅಜ್ಜಿ, ಅಂಗುಳಕ್ಕೆ ಅಂಟ್ಕೊಳ್ತದೆ" ಅಂದಳು ತಾಹೆರಾ.

"ಅಂಟ್ಕಳ್ಳಿ ಬುಡವ್ವ. ಯಾರೋ ಒಟ್ಟೆಪಾಡಿಗೆ ಮಾಡವ್ರೆ. ಕೇಳ್ದೋರ ಎದುರ್ಗೆ ಕೆಟ್ಟದು ಅಂತ ಯೋಳಿದ್ರೆ ಮಾಡ್ದೋರ ಮಕ್ಕಳ ಬಾಯ್ಗೆ ಮಣ್ಣಾಕ್ದಂಗೆ."

ಮದುವೆ ಮನೆಯಿಂದ ಹೊರಡುವಾಗ ಊಟ ಹೇಗಿತ್ತು ಅಂತ ಕೇಳಿದರೆ ಸಾರಿಗೆ ಉಪ್ಪು ಜಾಸ್ತಿ ಅನ್ನುವವರುಂಟೇ? ಮುನಿಕೆಂಪಮ್ಮನಿಗೆ ಸರ್ವೆಯೂ ಅಂಥದ್ದೇ ಮರ್ಯಾದೆಯ ಮಾತು. ವನಿತಾಳ ಲೆಕ್ಕ ಬೇರೆ. ಒಂದೇ ವಠಾರದವರು ಒಬ್ಬೊಬ್ಬರು ಒಂದೊಂದು ಹೇಳಿದರೆ ಕಂಪನಿಯವರು ಸುಳ್ಳು ಅಂದುಕೊಳ್ಳುವುದಿಲ್ಲವೇ? ಹಾಗಾಗಿ ಪ್ರತಿಯೊಂದು ಪ್ರಶ್ನೆಗೂ ಮೂವರೂ ಮಾತಾಡಿ, ವಾದ ಮಾಡಿ, ಒಂದು ತೀರ್ಮಾನಕ್ಕೆ ಬಂದು, ಮೂರು ಫೋನಿನಲ್ಲೂ ಅದನ್ನೇ ಒತ್ತುತ್ತಿದ್ದರು. ಬಿಸ್ಕತ್ತು ಬಹಳ ಚೆನ್ನಾಗಿದೆ. ಸೋಪು ಬಹಳ ಚೆನ್ನಾಗಿದೆ. ಮುನಿಕೆಂಪಮ್ಮ ಜನ್ಮದಲ್ಲಿ ಬಾಯಿಗೆ ಹಾಕದ ಚೀಸೂ ಬಹಳ ಚೆನ್ನಾಗಿದೆ.

ಬೇಸಿಗೆ ಬರುವ ಹೊತ್ತಿಗೆ ತಾಹೆರಾಳದೂ ಮುನಿಕೆಂಪಮ್ಮನದೂ ಪಾಯಿಂಟು ವೋಚರಿನ ಹತ್ತಿರ ಬಂದು ನಿಂತವು. ಇನ್ನೊಂದು ಸರ್ವೆ ಮುಗಿದರೆ ಆಯಿತು ಅನ್ನುವಾಗ ಮೂರು ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ವನಿತಾ ಓದಿದಳು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

"ಏನಂತೆ?" ಅಂದರು ಮುನಿಕೆಂಪಮ್ಮ.

"ಒಬ್ಬರೇ ವ್ಯಕ್ತಿ ಮೂರು ನಕಲಿ ಖಾತೆ ಇಟ್ಕೊಂಡಿದೀರಾ, ಅದಕ್ಕೆ ಮುಚ್ಚಿದೀವಿ ಅಂತಿದಾರೆ ಅಜ್ಜಿ. ಪಾಯಿಂಟೆಲ್ಲಾ ರದ್ದಂತೆ."

"ಅಂದ್ರೆ? ನಾನು ನೀನೇಯಾ?"

"ನಾವ್ ಮೂರೂ ಜನ ಒಬ್ಳೇ ಅಂತೆ."

"ಅಯ್ಯೋ ಅವ್ರ ಕಣ್ಣಿಂಗೋಗ! ಅಂಗಾದ್ರೆ ನನ್ ಮಂಡಿನೋವು ಅರ್ಧ ನೀನ್ ತಕ್ಕೋ!"

ವನಿತಾಳಿಗೆ ನಗು ಬಂತು. ತಾಹೆರಾ ನಗಲಿಲ್ಲ. ಫೋನು ಎತ್ತಿಕೊಂಡು ಎದ್ದಳು.

"ನಿಮ್ದು ವೋಚರು ಬಂತು ವನಿತಕ್ಕ. ನಮ್ದು ಬರೋ ಟೈಮಿಗೆ ಹೋಯ್ತು. ನಮ್ ಪಾಯಿಂಟೆಲ್ಲಾ ನಿಮ್ ನೆಟ್ಟಲ್ಲೇ ತಾನೇ ಹೋಗ್ತಿದ್ದಿದ್ದು? ನಿಮ್ ಫೋನಲ್ಲೇ ನಿಂತ್ಕೊಂಡಿದ್ಯೋ ಏನೋ, ಯಾರಿಗ್ ಗೊತ್ತು!"

"ಏನಂದೆ?"

"ನಾನ್ ಜವಾಬ್ದಾರಿ ಅಂದ್ರಲ್ಲ. ಅಷ್ಟೇ ಅಂದೆ."

ತಾಹೆರಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಸಂಪಿನ ಹತ್ತಿರ ಎದುರಾದರೂ ಕೊಡ ತುಂಬಿಸಿಕೊಂಡು, ವನಿತಾ ಒಂದು ಗೋಡೆ ಅನ್ನುವ ಹಾಗೆ ಹಾದುಹೋಗುತ್ತಿದ್ದಳು. ವಠಾರ ಅಂದಮೇಲೆ ಕೇಳಬೇಕೆ? ವನಿತಾ ಇಬ್ಬರ ಪಾಯಿಂಟು ನುಂಗಿದಳಂತೆ ಅನ್ನುವ ಮಾತು ಮೊದಲನೇ ಮನೆಯಿಂದ ಆರನೇ ಮನೆಗೆ ಹೋಗಿ, ಉಪ್ಪು ಖಾರ ಹಚ್ಚಿಸಿಕೊಂಡು ಎರಡನೇ ಮನೆಗೇ ವಾಪಸು ಬಂತು. ಪಾಯಿಂಟು ಹೋದದ್ದಕ್ಕೆ ವನಿತಾ ಅಳಲಿಲ್ಲ. ಕಳ್ಳಿ ಅನ್ನಿಸಿಕೊಂಡೆನಲ್ಲ ಅನ್ನುವುದು ಮಾತ್ರ ಎದೆಯಲ್ಲಿ ಸುಣ್ಣ ಬೆಂದ ಹಾಗೆ ಬೇಯುತ್ತಿತ್ತು.

"ಬಿಟ್ಟಾಕೇ. ಇನ್ನೊಂದ್ ನಾಕ್ ದಿನಕ್ಕೆ ಎಲ್ಲಾ ಮರೀತಾರೆ" ಅಂದ ಸುಬ್ರಮಣಿ.

"ಅವ್ರು ಮರೀತಾರೆ. ನಾನ್ ಮರೀಬೇಕಲ್ಲ!"

ಕಂಪನಿಗೆ ಮೇಲಿಂದ ಮೇಲೆ ಈಮೇಲು ಹಾಕಿದಳು. ಪ್ರತಿ ಸಲವೂ ಒಂದೇ ಉತ್ತರ: 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಅಮೂಲ್ಯವಂತೆ! ಮನುಷ್ಯರನ್ನು ಕಳ್ಳರು ಅಂದು ಬಾಗಿಲು ಹಾಕಿಕೊಳ್ಳುವುದು, ಒಳಗಿನಿಂದ ಗಿಳಿಯ ಹಾಗೆ ಅಮೂಲ್ಯ ಅಮೂಲ್ಯ ಅನ್ನುವುದು. ಆ ಈಮೇಲಿನ ಕೆಳಗೆ ಸಣ್ಣಕ್ಷರದಲ್ಲಿ ಒಂದು ವಿಳಾಸ ಇತ್ತು. ಎಲ್ಲೋ ಅಮೆರಿಕಾದಲ್ಲಿ ಇರಬಹುದು ಅಂದುಕೊಂಡಿದ್ದ ಕಂಪನಿಗೆ ಹೆಬ್ಬಾಳದ ಫ್ಲೈಓವರಿನ ಆಚೆಗೇ ಒಂದು ಆಫೀಸು! ವನಿತಾ ಬಸ್ಸು ಹತ್ತಿದಳು.

ಗಾಜಿನ ಕಟ್ಟಡದ ಸೆಕ್ಯುರಿಟಿ ಒಳಗೆ ಬಿಡಲಿಲ್ಲ. "ಅಪಾಯಿಂಟ್‌ಮೆಂಟ್ ಇದ್ಯಾ ಮೇಡಂ?"

"ನಾನು ಇದೀನಿ ಅಂತ ತೋರ್ಸೋಕೆ ಬಂದಿರೋದು. ಅದಕ್ಕೂ ಅಪಾಯಿಂಟ್‌ಮೆಂಟ್ ಬೇಕಾ?"

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಎದುರಿನ ಎಳನೀರು ಗಾಡಿಯ ನೆರಳಲ್ಲಿ ಕೂತಳು. ಮಾರನೆಯ ದಿನವೂ ಬಂದು ಕೂತಳು. ಅದರ ಮಾರನೆಯ ದಿನ ಸೆಕ್ಯುರಿಟಿಯವನೇ ಸೋತ. "ಅಮ್ಮಾ, ಕಾಶಿನಾಥ್ ಸಾರ್ ಅಂತ ಇದ್ದಾರೆ, ನಮ್ ಕನ್ನಡದೋರೇ. ಊಟಕ್ಕೆ ಕೆಳಗೆ ಬರ್ತಾರೆ, ನೀಲಿ ಶರ್ಟು. ನಾನ್ ಹೇಳ್ದೆ ಅನ್ಬೇಡಿ."

ಕಾಶಿನಾಥ ಕೆಟ್ಟವನಲ್ಲ. ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದ. ಮೇಲೆ ಹೋಗಿ ನೋಡಿಬಂದು ಹೇಳಿದ.

"ನೋಡೀಮ್ಮಾ, ಮೂರು ಖಾತೆ, ಒಂದೇ ಡೋರ್ ನಂಬರು, ಒಂದೇ ಇಂಟರ್ನೆಟ್ಟು. ಮಿಷನ್ನಿಗೆ ಇದು ಒಬ್ಬರೇ ಅಂತ ಕಾಣುತ್ತೆ. ತಪ್ಪು ಅದರದ್ದಲ್ಲ."

"ಅದು ವಠಾರ ಸಾರ್. ಆರು ಮನೆಗೂ ಒಂದೇ ನಂಬರು."

"ಹಾಗಾದ್ರೆ ಮೂರೂ ಜನ ಐಡಿ ಕಾರ್ಡ್ ಹಿಡ್ಕೊಂಡು ಬನ್ನಿ. ನಾನ್ ನೋಡ್ತೀನಿ. ಮಾತು ಮಾತ್ರ ಕೊಡಲ್ಲ."

ಮುನಿಕೆಂಪಮ್ಮ ಕೂಡಲೇ ಒಪ್ಪಿದರು, ಎಲ್ಲಿಗಾದರೂ ಬಸ್ಸಿನಲ್ಲಿ ಹೋಗುವುದೆಂದರೆ ಅವರಿಗೆ ಖುಷಿ. ತಾಹೆರಾಳ ಬಾಗಿಲಿನ ಮುಂದೆ ನಿಲ್ಲುವುದು ವನಿತಾಳಿಗೆ ಆ ಗಾಜಿನ ಕಟ್ಟಡದ ಮುಂದೆ ಕೂತದ್ದಕ್ಕಿಂತ ಕಷ್ಟವಾಯಿತು. ಬಾಗಿಲು ತಟ್ಟಿದಳು. ತಾಹೆರಾ ಅರ್ಧ ತೆರೆದಳು.

"ಏನು?"

"ನಾಳೆ ಹೆಬ್ಬಾಳಕ್ಕೆ ಬಾ."

"ನಂಗೆ ಕೆಲ್ಸ ಇದೆ."

"ಯಾವ್ ಕೆಲ್ಸ? ಇದ್ದ ಕೆಲ್ಸ ನಾನೇ ಬಿಡಿಸಿದೀನಲ್ಲ!" ವನಿತಾಳ ದನಿ ಏರಿತು. "ನನ್ ಮೇಲೆ ನಂಬ್ಕೆ ಇಟ್ಕೊಂಡು ಬರ್ಬೇಡ. ನಾನ್ ಕಳ್ಳಿನೋ ಅಲ್ವೋ ಅಂತ ನೋಡೋಕಾದ್ರೂ ಬಾ. ನಾನೊಬ್ಳೇ ಹೋಗಿ ನಿಂತ್ರೆ ಒಬ್ಳೇ ಅಂತಾನೇ ಅಂತಾರೆ."

ತಾಹೆರಾ ಬಾಗಿಲು ಹಾಕಿಕೊಂಡಳು. ಆದರೆ ಬೆಳಿಗ್ಗೆ ಬುರ್ಖಾ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಬಸ್ಸಿನಲ್ಲಿ ಮುನಿಕೆಂಪಮ್ಮನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಬೇರೆ ಬೇರೆ ಕಿಟಕಿ ನೋಡಿದರು.

ಕಾಶಿನಾಥ ಮೂವರನ್ನೂ ಕೆಳಗಿನ ಹಾಲಿನ ಸೋಫಾದಲ್ಲಿ ಕೂರಿಸಿ ಕಾರ್ಡುಗಳನ್ನು ನೋಡಿದ.

"ಸರಿ, ನೀವು ಮೂವರು ಅಂತ ನಾನೇ ನೋಡ್ದೆ. ಆದ್ರೆ ಇನ್ನೊಂದ್ ವಿಷಯ ಇದೆ. ಎಲ್ಲಾ ಸರ್ವೇಲೂ ನಿಮ್ ಮೂವರದ್ದೂ ಒಂದೇ ಉತ್ತರ. ಒಂದ್ ಕಡೇನಾದ್ರೂ ಬೇರೆ ಬೇಡ್ವಾ? ನಮಗೆ ಬೇಕಾಗಿರೋದು ಮೂರು ಮುಖ ಅಲ್ಲ, ಮೂರು ಅಭಿಪ್ರಾಯ."

"ಮಾತಾಡಿ ತೀರ್ಮಾನ ಮಾಡಿ ಹಾಕಿದೀವಿ ಸಾರ್. ತಪ್ಪು ಹೋಗ್ಬಾರ್ದು ಅಂತ" ಅಂದಳು ವನಿತಾ, ಹೆಮ್ಮೆಯಿಂದಲೇ.

"ಇದ್ರಲ್ಲಿ ಸರಿ ತಪ್ಪು ಎಲ್ಲಿದೆ? ಮತ್ತೆ, ಎಲ್ಲಾ ಸಾಮಾನೂ ಬಹಳ ಚೆನ್ನಾಗಿದೆ ಅಂತ ಹಾಕಿದೀರಲ್ಲ?"

"ಅದು ಆಕ್ಸಿದ್ದು ನಾನು" ಅಂದರು ಮುನಿಕೆಂಪಮ್ಮ. "ನಿಮ್ ಸಾಮಾನು ಕೆಟ್ಟದು ಅಂದು ನಿಮ್ ಕಾಸೇ ಈಸ್ಕಳದು ನಾಯವಾ ಸ್ವಾಮಿ?"

ಕಾಶಿನಾಥ ನಗು ತಡೆದುಕೊಂಡ. "ಅಜ್ಜಿ, ಕೆಟ್ಟದ್ದು ಯಾವುದು ಅಂತ ತಿಳ್ಕೊಳ್ಳೋಕೇ ಸಾಮಾನು ಮಾಡೋರು ಕಾಸು ಕೊಡೋದು." ಅಷ್ಟು ಹೇಳಿ ಮೂವರನ್ನೂ ಹಾಲಿನ ಮೂರು ಮೂಲೆಗೆ ಕೂರಿಸಿದ. ಒಬ್ಬೊಬ್ಬರ ಹತ್ತಿರ ಹೋಗಿ ಹಳೇ ಪ್ರಶ್ನೆಗಳನ್ನೇ ಮೆಲ್ಲಗೆ ಕೇಳುತ್ತ ಬಂದ.

ವನಿತಾ ತನ್ನ ಮೂಲೆಯಿಂದ ನೋಡುತ್ತಿದ್ದಳು. ಜಗಲಿಯ ಮೇಲೆ ಅರ್ಧ ವಾಕ್ಯ ಹೇಳಿ ಸುಮ್ಮನಾಗುತ್ತಿದ್ದ ತಾಹೆರಾ ಈಗ ಕೈ ಆಡಿಸಿ ಆಡಿಸಿ ಹೇಳುತ್ತಿದ್ದಳು. ಬಿಸ್ಕತ್ತು ಬೇಡ, ಎಣ್ಣೆ ವಾಸನೆ, ಆ ಸೋಪಿಗೆ ಕೈ ಬಿರಿಯುತ್ತದೆ. ಇಷ್ಟು ದಿನ ಪಕ್ಕದಲ್ಲಿ ಕೂತವಳ ಬಾಯಲ್ಲಿ ಇಷ್ಟೆಲ್ಲ ಇತ್ತೇ? ಒತ್ತು ಅಂದದ್ದನ್ನು ಒತ್ತುತ್ತಿದ್ದಳಲ್ಲ ಅಂದುಕೊಂಡ ವನಿತಾಳಿಗೆ, ಯಾರು ಒತ್ತು ಅಂದದ್ದು ಅನ್ನುವುದೂ ಹೊಳೆಯಿತು. ಕೆನ್ನೆ ಬಿಸಿಯಾಯಿತು. ಮುನಿಕೆಂಪಮ್ಮ ಮಾತ್ರ ಅಷ್ಟು ದೂರದಿಂದಲೂ ಕೇಳಿಸುವಂತೆ "ಚೀಸಾ? ಅದೆಂತದ್ದೋ ಕಾಣೆ ಕಣಪ್ಪ!" ಅಂದರು.

ಕಾಶಿನಾಥ ವಾಪಸು ಬಂದ. "ಮೂವರೂ ಬೇರೆ ಬೇರೆಯೇ, ಅನುಮಾನ ಇಲ್ಲ. ಇನ್ನೊಂದು ಕೇಳ್ತೀನಿ. ಅಜ್ಜಿಗೆ ಓದು ಬರಲ್ಲ ಅಂದ್ರು. ಅವರ ಫೋನಲ್ಲಿ ಉತ್ತರ ಒತ್ತಿದ್ದು ಯಾರು?"

ವನಿತಾ ಬಾಯಿ ತೆರೆಯುವ ಮೊದಲೇ ಮುನಿಕೆಂಪಮ್ಮ, "ನಾನೇ ಕಣಪ್ಪ, ಬೆರಳು ಐತಲ್ಲ" ಅಂದುಬಿಟ್ಟರು. ತಾಹೆರಾ ವನಿತಾಳನ್ನು ನೋಡಿದಳು. ಅಷ್ಟು ದಿನದ ಮೇಲೆ ಅವಳು ನೇರವಾಗಿ ನೋಡಿದ್ದು ಆಗಲೇ. ಸುಮ್ಮನಿದ್ದರೆ ಎಲ್ಲಾ ಸರಿಹೋಗುತ್ತಿತ್ತು. ಆದರೆ ಕಳ್ಳಿ ಅಲ್ಲ ಅನ್ನಿಸಿಕೊಳ್ಳಲು ಬಂದು ಸುಳ್ಳು ಹೇಳಿ ಎದ್ದುಹೋಗುವುದು ಹೇಗೆ?

"ಒತ್ತಿದ್ದು ನಾನು ಸಾರ್" ಅಂದಳು ವನಿತಾ. "ಅಜ್ಜಿ ಹೇಳಿದ್ದು, ನಾನ್ ಒತ್ತಿದ್ದು. ಅವ್ರ ಪಾಯಿಂಟು ಅವ್ರ ಫೋನಲ್ಲೇ ಇತ್ತು, ಒಂದೂ ನನ್ ಕಡೆ ಬಂದಿಲ್ಲ. ಬೇಕಾದ್ರೆ ನೋಡಿ. ಇವ್ರ ಮುಂದೇನೇ ನೋಡಿ ಹೇಳಿ."

"ಒಬ್ಬರ ಖಾತೇಲಿ ಇನ್ನೊಬ್ಬರು ಉತ್ತರ ಹಾಕಿದ್ರೆ, ಹಾಕಿದವರ ಖಾತೆ ತೆಗೀಬೇಕು. ಅದು ರೂಲ್ಸು. ಗೊತ್ತಿದ್ದೇ ಹೇಳ್ತಿದೀರಾ?"

"ಈಗ ಗೊತ್ತಾಯ್ತು. ಹೇಳಿದ್ದು ಹೇಳಿದ್ದೇ."

ಕಾಶಿನಾಥ ಮೇಲೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ನಿಂತುಕೊಂಡೇ ಹೇಳಿದ. ತಾಹೆರಾಳ ಖಾತೆ ತೆರೆದಿದೆ, ಪಾಯಿಂಟೂ ಹಾಗೇ ಇವೆ. ಮುನಿಕೆಂಪಮ್ಮನ ಖಾತೆಯೂ ತೆರೆದಿದೆ, ಅವರಿಗೆ ಇನ್ನು ಮೇಲೆ ಫೋನು ಮಾಡಿ ಕನ್ನಡದಲ್ಲಿ ಕೇಳುವ ಸರ್ವೆ ಬರುತ್ತದೆ, ಓದಬೇಕಾಗಿಲ್ಲ. ಡೋರ್ ನಂಬರಿನ ಪಕ್ಕ ಮೂರನೇ ಮನೆ, ಐದನೇ ಮನೆ ಅಂತ ಸೇರಿಸಿದೆ. ವನಿತಾಳ ಖಾತೆ ಮುಚ್ಚಿದ್ದು ಮುಚ್ಚಿದ ಹಾಗೆಯೇ.

"ಆಮೇಲೆ, ಯಾರ ಪಾಯಿಂಟೂ ಯಾರ ಕಡೆಗೂ ಹೋಗಿಲ್ಲ. ಹಂಗೆ ಹೋಗೋಕೆ ಆಗೋದೂ ಇಲ್ಲ" ಅಂತ ತಾಹೆರಾಳ ಕಡೆ ತಿರುಗಿಯೇ ಹೇಳಿದ.

ಬಸ್ ಸ್ಟಾಪಿನಲ್ಲಿ ತಾಹೆರಾ ಮೊದಲು ಮಾತಾಡಿದಳು. "ಸುಮ್ನೆ ಇರ್ಬೋದಿತ್ತಲ್ಲ ವನಿತಕ್ಕ. ಅಜ್ಜಿ ಹೇಳಿದ್ರಲ್ಲ."

"ಇರ್ಬೋದಿತ್ತು. ನೀನ್ ನೋಡ್ತಿದ್ದೆ."

"ನಾನ್ ಅಂಥಾ ಮಾತು ಅನ್ಬಾರ್ದಿತ್ತು."

"ಅಂದಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ಇಷ್ಟು ದೂರ ಯಾರ್ ಬರ್ತಿದ್ರು? ಆದ್ರೆ ಒಂದ್ ಕೇಳ್ತೀನಿ, ಆ ಸೋಪಿಗೆ ಕೈ ಬಿರಿಯುತ್ತೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನೀವ್ ಕೇಳ್ಲೇ ಇಲ್ವಲ್ಲಾ! ಓದೋದ್ರೊಳ್ಗೆ ಉತ್ತರಾನೂ ನೀವೇ ಹೇಳ್ಬಿಡ್ತಿದ್ರಿ."

"ಅದೇನೋ ದಿಟ" ಅಂದರು ಮುನಿಕೆಂಪಮ್ಮ, ಬರುತ್ತಿದ್ದ ಬಸ್ಸಿಗೆ ಕೈ ತೋರಿಸುತ್ತ. ವನಿತಾಳಿಗೆ ರೇಗಿತು. ಆದರೂ ಬಸ್ಸು ಹತ್ತಿದ ಮೇಲೆ ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆಸುವೆ ಅಂದಳು. ಆಗಲ್ಲ, ನನ್ನದು ನಾನೇ ತೆಗೆಸುತ್ತೇನೆ ಅಂತ ತಾಹೆರಾ ಜಗಳಕ್ಕೇ ನಿಂತಳು. ಕಂಡಕ್ಟರು ಇಬ್ಬರ ಮುಖವನ್ನೂ ನೋಡಿ, "ಬೇಗ ತೀರ್ಮಾನ ಮಾಡ್ಕೊಳ್ಳಿ ತಾಯಂದಿರಾ" ಅಂದ.

ತಾಹೆರಾಳ ವೋಚರು ಬಂದ ದಿನ ಅವಳು ಅರ್ಧ ಸಾಮಾನು ತಂದು ಎರಡನೇ ಮನೆಯ ಹೊಸ್ತಿಲ ಮೇಲಿಟ್ಟಳು. ವನಿತಾ ತಿರುಗಿ ತಂದು ಮೂರನೇ ಮನೆಯ ಹೊಸ್ತಿಲಿಗಿಟ್ಟಳು. ಕಡೆಗೆ ಒಂದು ಪೊಟ್ಟಣ ಶ್ಯಾವಿಗೆಗೆ ರಾಜಿಯಾಯಿತು. ಪಾಯಿಂಟು ನುಂಗಿದಳಂತೆ ಅಂದಿದ್ದ ವಠಾರಕ್ಕೆ ಉತ್ತರ ಹೇಳುವ ಕೆಲಸವನ್ನು ತಾಹೆರಾಳೇ ವಹಿಸಿಕೊಂಡಳು. ಸಂಪಿನ ಹತ್ತಿರ ಕೊಡ ಇಟ್ಟು, ಮನೆ ಮನೆಗೂ ಕೇಳಿಸುವಂತೆ ಒಂದೇ ಸಲ ಹೇಳಿ ಮುಗಿಸಿದಳು.

ವನಿತಾ ಸುಮ್ಮನೆ ಕೂತಳು ಅಂದುಕೊಂಡರೆ ಅವಳನ್ನು ನೀವು ತಿಳಿದೇ ಇಲ್ಲ. ಕಾಶಿನಾಥನಿಗೆ ಫೋನು ಮಾಡಿ, ಅದೇ ಮನೆಯ ಬೇರೆ ವಯಸ್ಕರು ಸೇರಬಹುದೋ ಇಲ್ಲವೋ ಕೇಳಿದಳು. ಅವರೇ ಓದಿ ಅವರೇ ಒತ್ತುವುದಾದರೆ ಸೇರಬಹುದು ಅಂದ. ಆ ಭಾನುವಾರ, ಚಾಪೆಯ ಮೇಲೆ ಕಾಲು ಚಾಚಿಕೊಂಡಿದ್ದ ಸುಬ್ರಮಣಿಯ ಕೈಗೆ ಅವನದೇ ಫೋನು ಕೊಟ್ಟು, ಎದುರಿಗೆ ಕೂತಳು.

"ಏನೇ ಇದು?"

"ನಿಮ್ ಅಭಿಪ್ರಾಯ ಮನೇಲಿ ಯಾರೂ ಕೇಳಲ್ಲ ಅಂತಿದ್ರಲ್ಲ. ಕೇಳ್ತಿದಾರೆ, ಹೇಳಿ."

ಅವನು ಕಣ್ಣು ಕಿರಿದು ಮಾಡಿಕೊಂಡು ಅಕ್ಷರ ಅಕ್ಷರ ಹಿಡಿದು ಓದಿದ. ಓದಿ ತಲೆ ಕೆರೆದುಕೊಂಡ. "ಲೇ, ನಮ್ಮನೇಲಿ ಅಡುಗೆಗೆ ಯಾವ್ ಎಣ್ಣೆ ಹಾಕ್ತೀಯಾ?"

"ನಾನ್ ಹೇಳ್ಬಾರ್ದು."

"ಪಾತ್ರೆ ಯಾವುದ್ರಲ್ಲಿ ತೊಳೀತೀವಿ ಅಂತಾನೂ ಕೇಳ್ತಾವ್ರೆ!"

"ಎದ್ದು ಒಳಗ್ ಹೋಗಿ ನೋಡ್ಕೊಂಡ್ ಬನ್ನಿ" ಅಂದಳು ವನಿತಾ. ಸುಬ್ರಮಣಿ ಗೊಣಗಿಕೊಂಡು ಎದ್ದು, ಮದುವೆಯಾದ ಮೇಲೆ ಮೊದಲ ಸಲ ಅಡುಗೆಮನೆಯ ಸಿಂಕಿನ ಮುಂದೆ ಬಗ್ಗಿ ನಿಂತ.